ಎಸಿ ಆರಿಸಿ ಹೋದ ರಜೆ

ಆ ವರ್ಷ ದೋಹಾದ ಮುಶೈರಿಬ್‌ನ ನಮ್ಮ ಕಚೇರಿಯಲ್ಲಿ ನನಗೆ ಒಂದು ವರದಿ ಬರೆಯುವ ಕೆಲಸ ಬಿತ್ತು. ದೇಶ ಒಂದು ರಿಯಾಲ್ ದುಡಿಯಲು ಎಷ್ಟು ಇಂಧನ ಸುಡುತ್ತದೆ ಎಂಬ ಲೆಕ್ಕ. ಕತಾರಿನಂಥ ಪುಟ್ಟ ದೇಶದ ಪಾಲಿಗೆ ಅದು ಸ್ವಲ್ಪ ಮುಜುಗರದ ಲೆಕ್ಕವೇ. ಕುಡಿಯುವ ನೀರಿಗೆ ಸಮುದ್ರದ ಉಪ್ಪು ತೆಗೆಯಬೇಕು, ಅನಿಲವನ್ನು ಹಡಗಿಗೆ ತುಂಬಲು ತಣಿಸಿ ದ್ರವ ಮಾಡಬೇಕು, ಜನರನ್ನೂ ತಣ್ಣಗಿಡಬೇಕು. ಮೊದಲಿನ ಎರಡರಲ್ಲಿ ನನ್ನ ಮಾತು ನಡೆಯುವಂತಿರಲಿಲ್ಲ. ಮೂರನೆಯದರ ರಿಮೋಟು ನಮ್ಮ ಮನೆಯಲ್ಲೇ ಇತ್ತು.

ವರದಿ ತಲೆಗೇರಿತು. ಮುಐದರ್‌ನ ನಮ್ಮ ಮನೆಗೆ ಬಾಡಿಗೆಯಲ್ಲೇ ಕರೆಂಟು ಸೇರಿದ್ದರಿಂದ ಯಾರೂ ಸ್ವಿಚ್ಚು ಮುಟ್ಟುತ್ತಿರಲಿಲ್ಲ. ಬೇಸಿಗೆ ರಜೆಗೆ ಊರಿಗೆ ಹೋಗುವವರು ಕೂಡ ಎಸಿ ಓಡಿಸಿಟ್ಟೇ ಹೋಗುವುದು ಇಲ್ಲಿನ ರೂಢಿ. ತಿಂಗಳುಗಟ್ಟಲೆ ಖಾಲಿ ಮನೆಯನ್ನು ತಣ್ಣಗಿಡುವುದೆಂದರೆ ನನಗೆ ಮೈಯೆಲ್ಲ ಉರಿಯಿತು. ಹೊರಡುವ ದಿನ ನಾನೇ ಎಲ್ಲ ಸ್ವಿಚ್ಚುಗಳನ್ನೂ ಆರಿಸಿದೆ.

ಮೇಲಿನ ಮನೆಯ ಉಡುಪಿಯವರು ಮೆಟ್ಟಿಲಲ್ಲಿ ಸಿಕ್ಕಿ, "ಪೂರಾ ಬಂದ್ ಮಾಡ್ಬೇಡಿ ಮಾರಾಯ್ರೆ, ಇಪ್ಪತ್ತೆಂಟಕ್ಕಾದ್ರೂ ಇಟ್ಟು ಹೋಗಿ. ಎಲ್ಲ ಹಾಳಾಗ್ತದೆ" ಎಂದರು. ನಾನು ಅವರಿಗೆ ದೇಶದ ಆರ್ಥಿಕತೆಯ ಬಗ್ಗೆ ಐದು ನಿಮಿಷ ಪಾಠ ಮಾಡಿದೆ. ಪಾಪ, ಕೇಳಿಸಿಕೊಂಡು ಸೂಟ್‌ಕೇಸ್ ಇಳಿಸಲು ಕೈಜೋಡಿಸಿದರು.

ಆಗಸ್ಟ್ ಕೊನೆಗೆ ಮೈಸೂರಿನಿಂದ ಮರಳಿ ಬಾಗಿಲು ತೆಗೆದೆವು. ಚಪ್ಪಲಿಗೂ ಬೆಲ್ಟಿಗೂ ಬೂಷ್ಟು ಹಿಡಿದಿತ್ತು. ಅದನ್ನು ಒರೆಸಿದರೆ ಹೋಗುತ್ತದೆ. ಒಳಕೋಣೆಯಲ್ಲಿ ಹೆಂಡತಿ ವೀಣೆಯ ಮುಸುಕು ತೆಗೆದು ಹಾಗೇ ನಿಂತಳು. ವೀಣೆಯಲ್ಲಿ ತಂತಿಯ ಕೆಳಗೆ ಸ್ವರಕ್ಕೊಂದರಂತಿರುವ ಹಿತ್ತಾಳೆ ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ. ಆ ಮೇಣ ಬಿಸಿಗೆ ಮೆತ್ತಗಾಗಿ, ಇಪ್ಪತ್ನಾಲ್ಕು ಮೆಟ್ಟಿಲುಗಳೂ ಒಂದೊಂದು ಕಡೆ ವಾಲಿ, ನಾಲ್ಕೈದು ಕಳಚಿಯೇ ಬಿದ್ದಿದ್ದವು.

ನವರಾತ್ರಿಗೆ ದೋಹಾದ ಕನ್ನಡಿಗರ ಕಾರ್ಯಕ್ರಮದಲ್ಲಿ ಅವಳ ವೀಣೆ ಇತ್ತು. ಮದುವೆಯಾದ ಮೇಲೆ ಅವಳು ವೇದಿಕೆ ಹತ್ತುವುದು ಅದೇ ಮೊದಲು. ರಜೆಗೆ ಹೊರಡುವವರೆಗೂ ಆರು ತಿಂಗಳು ದಿನಾ ಬೆಳಿಗ್ಗೆ ಕೂತು ನುಡಿಸಿದ್ದಳು. ಅವಳು ಕೂಗಾಡಲಿಲ್ಲ. "ನಿಮ್ಮ ಲೆಕ್ಕದಲ್ಲಿ ನನ್ನ ವೀಣೆ ಎಲ್ಲಿತ್ತು ರೀ?" ಎಂದಷ್ಟೇ ಕೇಳಿದಳು. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ದೋಹಾದಲ್ಲಿ ಮೆಟ್ಟಿಲು ಕೂರಿಸುವವರು ಯಾರೂ ಸಿಗಲಿಲ್ಲ. ಕೊನೆಗೆ ಮೈಸೂರಿನ ವೀಣೆ ರಿಪೇರಿಯವರು ವಿಡಿಯೋ ಕಾಲಿನಲ್ಲಿ ಬಂದರು. ಹೆಂಡತಿ ಹೇರ್ ಡ್ರೈಯರ್‌ನಿಂದ ಮೇಣ ಮೆತ್ತಗೆ ಮಾಡಿ, ಶ್ರುತಿ ನೋಡಿ, ಒಂದೊಂದೇ ಮೆಟ್ಟಿಲು ಕೂರಿಸಿದಳು. ನಾನು ಫೋನ್ ಹಿಡಿದುಕೊಂಡು ನಿಂತೆ. "ಮೇಣ ಗಟ್ಟಿಯಾಗ್ಬೇಕು ಸಾರ್, ರೂಮು ಚೆನ್ನಾಗಿ ತಣ್ಣಗಿರ್ಲಿ" ಎಂದರು ಅವರು.

ಹೆಂಡತಿ ನನ್ನ ಕೈಗೆ ರಿಮೋಟು ಕೊಟ್ಟಳು. ಹದಿನೆಂಟಕ್ಕೆ ಇಳಿಸಿದೆ. ಎರಡು ದಿನ ವೀಣೆ ತಂಪಿನಲ್ಲಿ ಸುಖವಾಗಿ ಮಲಗಿತ್ತು. ನಾನು ಪಕ್ಕದಲ್ಲಿ ಸ್ವೆಟರ್ ತೊಟ್ಟು, ರಗ್ಗು ಹೊದ್ದು, ಇಂಧನ ಉಳಿತಾಯದ ಕೊನೆಯ ಅಧ್ಯಾಯ ಬರೆದೆ. ಮೇಲಿನ ಮನೆಯವರು ಒಮ್ಮೆ ಇಣುಕಿ, "ಈಗ ದೇಶದ ಆರ್ಥಿಕತೆ ಹೇಗುಂಟು ಮಾರಾಯ್ರೆ?" ಎಂದು ಕೇಳಿ ಹೋದರು.

ಕಾರ್ಯಕ್ರಮದ ಸಂಜೆ ಅವಳು ನುಡಿಸಿದಳು. ಐದನೆಯ ಮೆಟ್ಟಿಲು ಮಾತ್ರ ಕೂದಲೆಳೆಯಷ್ಟು ತಪ್ಪಿ ಕೂತಿತ್ತು, ಸ್ವರ ಇಳಿದು ಬರುತ್ತಿತ್ತು. ಅಲ್ಲಿಗೆ ಬಂದಾಗಲೆಲ್ಲ ಅವಳು ತಂತಿಯನ್ನು ಒಂದಿಷ್ಟು ಎಳೆದು ಸ್ವರವನ್ನು ಸರಿಯಾದ ಜಾಗಕ್ಕೆ ತರುತ್ತಿದ್ದಳು. ಅದು ಬೇಕೆಂದೇ ನುಡಿಸಿದ ಗಮಕವೆಂದುಕೊಂಡು ಸಭೆ ತಲೆದೂಗಿತು. ಎಳೆಯುವಾಗೆಲ್ಲ ಅವಳು ಮುಂದಿನ ಸಾಲಿನಲ್ಲಿದ್ದ ನನ್ನನ್ನು ಒಮ್ಮೆ ದಿಟ್ಟಿಸುತ್ತಿದ್ದಳು. ಮೂರನೆಯ ಸಲ ದಿಟ್ಟಿಸಿದಾಗ ಅವಳಿಗೆ ನಗು ಬಂತು.