ಮಗಳ ಹೊಟ್ಟೆ, ನನ್ನ ಹೆದರಿಕೆ

ಹೆದರುವುದಕ್ಕೆ ನನಗೆ ಕಾರಣ ಬೇಕಾಗಿಲ್ಲ, ಸ್ವಲ್ಪ ಬಿಡುವು ಸಿಕ್ಕರೆ ಸಾಕು. ಮುಂಬಯಿಯ ಲೋಕಲ್ ರೈಲು ಎರಡು ಸ್ಟೇಷನ್ನುಗಳ ನಡುವೆ ಸುಮ್ಮನೆ ನಿಂತರೆ ಉಳಿದವರು ಮೊಬೈಲು ನೋಡುತ್ತಾರೆ, ನಾನು ಕುಲದೇವರನ್ನು ನೆನೆಯುತ್ತೇನೆ. ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿರುವ ನನ್ನ ಯಜಮಾನರು ಫೋನ್ ಎತ್ತದಿದ್ದರೆ, ಗ್ಯಾಸ್ ಸಿಲಿಂಡರಿನಿಂದ ಹಿಡಿದು ಗಿರಾಕಿಗಳ ಹೊಡೆದಾಟದವರೆಗೆ ಎಲ್ಲವನ್ನೂ ಕಣ್ಣಿಗೆ ತಂದುಕೊಳ್ಳುತ್ತೇನೆ. ಅವರು ಊಟಕ್ಕೆ ಕೂತಿದ್ದರೆಂದು ತಿಳಿದಾಗ ಸ್ವಲ್ಪ ನಿರಾಶೆಯೂ ಆಗುತ್ತದೆ. ಇಂಥವಳ ಮಗಳು, ಮೊದಲ ಹೆರಿಗೆ ಸಿಸೇರಿಯನ್ ಆದವಳು, ಮತ್ತೆ ಬಸುರಿಯಾಗಿ, "ಅಮ್ಮ, ಈ ಸಲ ನಾರ್ಮಲ್ ಟ್ರೈ ಮಾಡ್ತೇನೆ" ಅಂದರೆ ನನ್ನ ಗತಿಯೇನು, ನೀವೇ ಹೇಳಿ.

ಅಶ್ವಿನಿಯ ವಾದ ಸರಳವಾಗಿತ್ತು. ಮೊದಲ ಸಲ ಮಗು ತಲೆ ಮೇಲೆ ಮಾಡಿ ಕೂತಿತ್ತು, ಅದಕ್ಕೆ ಕೊಯ್ದರು. ಆಮೇಲೆ ಎಷ್ಟೋ ದಿನ ತನ್ನ ಮಗುವನ್ನು ತಾನೇ ಎತ್ತಿಕೊಳ್ಳಲಾಗದೆ ಅವಳು ಅತ್ತಿದ್ದಳು. ಈ ಸಲ ಮಗು ಸರಿಯಾಗಿದೆ, ಹಾಗಿದ್ದಮೇಲೆ ಕತ್ತರಿ ಏಕೆ? ನನ್ನ ವಾದವೂ ಸರಳವೇ: ಒಳಗಿನ ಹಳೆಯ ಹೊಲಿಗೆ ನೋವಿನ ಭರಕ್ಕೆ ಬಿಟ್ಟುಕೊಂಡರೆ? ಹಾಗಾಗುವುದು ಅಪರೂಪ ಎನ್ನುತ್ತಾರೆ. ಆದರೆ ಅಪರೂಪದ ಸಂಗತಿಯೊಂದು ಕುರ್ಲಾ ಸ್ಟೇಷನ್ನಿನಲ್ಲಿ ಇಳಿದು ನಮ್ಮ ಬಿಲ್ಡಿಂಗಿನ ದಾರಿ ಕೇಳುತ್ತಿರುವಂತೆಯೇ ನನಗೆ ಕಾಣುತ್ತದೆ.

ಪಕ್ಕದ ಮನೆಯ ಗಂಗವ್ವ ವಿಜಯಪುರದ ಕಡೆಯವಳು. "ನಮ್ಮವ್ವ ಹೊಲದಾಗ ಹಡದು, ಸಂಜೀಕ ರೊಟ್ಟಿ ಬಡದಾಳ ನೋಡ್ರಿ. ನಿಮ್ಮ ಮಗಳಿಗೇನೂ ಆಗೂದಿಲ್ಲ, ನೀವಷ್ಟ ಸುಮ್ನಿರ್ರಿ" ಅಂದಳು. "ನಿಮ್ಮವ್ವನಿಗೆ ಹಳೇ ಹೊಲಿಗೆ ಇರಲಿಲ್ಲವಲ್ಲ ಮಾರಾಯ್ತಿ" ಅಂದೆ. ಪುರಾಣಗಳನ್ನೂ ಜಾಲಾಡಿದೆ. ಅಲ್ಲಿ ಮಕ್ಕಳು ಕೊಡದಿಂದ ಹುಟ್ಟಿದ್ದಾರೆ, ಯಜ್ಞಕುಂಡದಿಂದ ಎದ್ದಿದ್ದಾರೆ, ಕಿವಿಯಿಂದಲೂ ಹೊರಬಂದಿದ್ದಾರೆ. ಬರೆದವರು ಗಂಡಸರಾದ್ದರಿಂದ ಇರುವ ಒಂದು ದಾರಿಯನ್ನು ಬಿಟ್ಟು ಮಿಕ್ಕೆಲ್ಲ ದಾರಿಗಳನ್ನೂ ಹುಡುಕಿದ್ದಾರೆ. ಬಸುರಿಯ ಅಮ್ಮ ಹೊರಗೆ ಕೂತು ಏನು ಮಾಡುತ್ತಿದ್ದಳೆಂದು ಮಾತ್ರ ಒಬ್ಬರೂ ಬರೆದಿಲ್ಲ.

ನಮ್ಮ ಮನೆಯ ಹತ್ತಿರದ ಡಾಕ್ಟರಮ್ಮ ಮೊದಲ ತಿಂಗಳುಗಳಲ್ಲಿ ಎಲ್ಲದಕ್ಕೂ ನಗುನಗುತ್ತಾ "ನೋಡೋಣ" ಅನ್ನುತ್ತಿದ್ದರು. ಹೊಟ್ಟೆ ದೊಡ್ಡದಾದಂತೆ ಆ ನಗು ಸಣ್ಣದಾಯಿತು. ಎಂಟನೆಯ ತಿಂಗಳಿನಲ್ಲಿ, "ಬೇಟಾ, ಇಷ್ಟು ರಿಸ್ಕ್ ಯಾಕೆ?" ಎಂದರು. ಅಶ್ವಿನಿ ಬಾಯಿ ತೆರೆಯುವ ಮೊದಲೇ ನಾನು ಉಪಕಾರಕ್ಕೆ ಇಳಿದೆ. ನಮ್ಮವರಲ್ಲಿ ಆಪರೇಷನ್ ಎಂಬ ಸುಳಿವು ಸಿಕ್ಕರೆ ಮೊದಲ ಫೋನು ಹೋಗುವುದು ಆಸ್ಪತ್ರೆಗಲ್ಲ, ಊರಿನ ಜೋಯಿಸರಿಗೆ. ಯಾವುದಕ್ಕೂ ಇರಲಿ ಎಂದು ನಾನು ಆಗಲೇ ಕೇಳಿಟ್ಟಿದ್ದೆ. "ತಿಂಗಳು ತುಂಬುವ ವಾರ, ಬುಧವಾರ ಬೆಳಿಗ್ಗೆ, ಒಳ್ಳೆಯ ಲಗ್ನ ಉಂಟಂತೆ" ಅಂದುಬಿಟ್ಟೆ. ಡಾಕ್ಟರಮ್ಮನ ಮುಖ ಅರಳಿತು. "ಅರೆ, ಮಮ್ಮಿ ಟೈಮ್ ಸಹ ತೆಗೆಸಿದ್ದಾರೆ" ಎನ್ನುತ್ತಾ ಆಪರೇಷನ್ ಥಿಯೇಟರಿಗೆ ಫೋನ್ ಮಾಡಿ ಬುಧವಾರವನ್ನು ಗೊತ್ತುಮಾಡಿಯೇ ಬಿಟ್ಟರು.

ರಿಕ್ಷಾದಲ್ಲಿ ಮನೆ ಹತ್ತಿರ ಬಂದಮೇಲೆ ಮಗಳು, "ಅಮ್ಮ, ಹೊಟ್ಟೆ ನಂದು, ಹೆದರಿಕೆ ನಿಂದು. ಎರಡನ್ನೂ ಮಿಕ್ಸ್ ಮಾಡ್ಬೇಡ, ಪ್ಲೀಸ್" ಅಂದಳು. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಹುಡುಗಿ, ಕನ್ನಡದಲ್ಲಿ ತಡವರಿಸುತ್ತಾಳೆ. ಆ ದಿನ ಒಂದು ಅಕ್ಷರವೂ ತಡವರಿಸಲಿಲ್ಲ.

ಬುಧವಾರ ರದ್ದಾಯಿತು. ಬೇರೆ ಡಾಕ್ಟರರ ಹುಡುಕಾಟ ಶುರುವಾಯಿತು. ಒಬ್ಬರು "ತಿಂಗಳು ತುಂಬುತ್ತಿರುವಾಗ ಹೊಸ ಕೇಸು ತಗೊಳ್ಳುವುದಿಲ್ಲ" ಎಂದರು. ಇನ್ನೊಬ್ಬರು ಎಷ್ಟು ಧೈರ್ಯ ಹೇಳಿದರೆಂದರೆ, ಅವರ ನರ್ಸಿಂಗ್ ಹೋಮಿನಲ್ಲಿ ಅರಿವಳಿಕೆಯ ಡಾಕ್ಟರು ತುರ್ತು ಆಪರೇಷನ್ನಿಗೂ ಕರೆದರೆ ಮಾತ್ರ ಬರುತ್ತಾರೆಂಬುದನ್ನು ಅಶ್ವಿನಿ ಕೇಳಿಯೇ ತಿಳಿಯಬೇಕಾಯಿತು. ಅವಳೇ ಎದ್ದು ಬಂದಳು. ಅಂದು ಮೊದಲ ಸಲ ನನಗೆ ಅನುಮಾನ ಬಂತು: ಇವಳು ಹೆದರುತ್ತಿಲ್ಲ ಎಂದು ನಾನು ತಿಳಿದದ್ದು ತಪ್ಪೇನೋ. ಅವಳದು ಸದ್ದಿಲ್ಲದ ಹೆದರಿಕೆ, ಅಷ್ಟೆ.

ಕೊನೆಗೆ ಪರೇಲಿನ ಆಸ್ಪತ್ರೆಯೊಂದರಲ್ಲಿ ಮರಾಠಿ ಡಾಕ್ಟರೊಬ್ಬರು ಸಿಕ್ಕಿದರು. ಮೊದಲ ಸಲ ಎಲ್ಲಿ, ಹೇಗೆ, ಏಕೆ ಕೊಯ್ದದ್ದು ಎಂದು ಹಳೆಯ ಕಾಗದಗಳನ್ನು ಓದಿ, ಪ್ರಯತ್ನಿಸಬಹುದು ಎಂದರು. ನಾನು ನನ್ನ ಮುರುಕು ಹಿಂದಿಯಲ್ಲಿ ಗ್ಯಾರಂಟಿ ಕೇಳಿದೆ. ಇಲ್ಲ ಎಂದರು. ನಿಮಗೆ ಭಯವಾಗುವುದಿಲ್ಲವೇ ಎಂದೆ.

"ಆಗುತ್ತದೆ. ಅದಕ್ಕೇ ನೋವು ಶುರುವಾದ ಕೂಡಲೇ ಇಲ್ಲಿಗೆ ಬನ್ನಿ ಅನ್ನುವುದು. ಅದಕ್ಕೇ ಮಗುವಿನ ಎದೆಬಡಿತ ಬಿಡದೆ ನೋಡುತ್ತೇವೆ, ಥಿಯೇಟರೂ ರಕ್ತವೂ ತಯಾರಿರುತ್ತವೆ. ಬೇಕಾದರೆ ಆಪರೇಷನ್ನೂ ಮಾಡುತ್ತೇವೆ, ಅದರಲ್ಲಿ ಯಾರ ಸೋಲೂ ಇಲ್ಲ."

ನನಗೆ ಕುರ್ಚಿಯಿಂದೆದ್ದು ಕೈಮುಗಿಯಬೇಕೆನ್ನಿಸಿತು. ಜೀವಮಾನವಿಡೀ ಹೆದರಿದ್ದೇನೆ, ಹೀಗೆ ಕೆಲಸಕ್ಕೆ ಬರುವಂತೆ ಹೆದರಿದ್ದಿಲ್ಲ.

ಅಷ್ಟರಲ್ಲಿ ಅವರು, ನೋವಿನ ಹೊತ್ತಿನಲ್ಲಿ ಜೊತೆಗೆ ಒಬ್ಬರು ಇರಬಹುದು, ಯಾರು ಎಂದು ಕೇಳಿದರು. ನಾನು ಜೊತೆಗೆ ಬಂದಿದ್ದ ಅಳಿಯನ ಮುಖ ನೋಡಿದೆ. ಅಶ್ವಿನಿ "ಅಮ್ಮ" ಅಂದಳು.

"ನಾನೇ? ನಾನು ಹೆದರ್ತೇನಲ್ಲ ಮಗಾ."

"ಗೊತ್ತುಂಟು. ಹೆದರು. ಕೈ ಮಾತ್ರ ಬಿಡ್ಬೇಡ."

ಈಗ ತಿಂಗಳು ತುಂಬಿದೆ. ಕುರ್ಲಾದಿಂದ ಪರೇಲಿಗೆ ಟ್ಯಾಕ್ಸಿಯಲ್ಲೊಮ್ಮೆ, ಲೋಕಲಿನಲ್ಲೊಮ್ಮೆ, ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡಲು ಒಬ್ಬಳೇ ಹೋಗಿ ಬಂದಿದ್ದೇನೆ. ನಡುದಾರಿಯಲ್ಲಿ, ಸಾಯನ್ ಹತ್ತಿರ ಗಾಡಿಗಳು ನಿಂತುಬಿಟ್ಟರೆ ಏನು ಮಾಡಬೇಕೆಂಬುದಕ್ಕೆ ನನ್ನ ಬಳಿ ಉಪಾಯಗಳಿವೆ, ಅವುಗಳಲ್ಲಿ ಒಂದೆರಡು ಕಾನೂನಿಗೆ ವಿರುದ್ಧ. ನೋವು ಯಾವ ಲಗ್ನಕ್ಕೆ ಬರುತ್ತದೋ ಜೋಯಿಸರಿಗೂ ತಿಳಿಯದು.

ನಿನ್ನೆ ಮಧ್ಯಾಹ್ನ ಅಶ್ವಿನಿ ಒಂದು ಮಗ್ಗುಲಿಗೆ ಮಲಗಿ ಗೋಡೆ ನೋಡುತ್ತಿದ್ದಳು. "ಅಮ್ಮ, ಲಾಸ್ಟ್ ಮಿನಿಟ್ ಆಪರೇಷನ್ ಅಂದ್ರೆ? ಹೊಲಿಗೆ ಸಚ್ಚೀ, ನಿಜಕ್ಕೂ ಬಿಟ್ಟುಕೊಂಡ್ರೆ?" ಅಂದಳು. ಇಷ್ಟು ತಿಂಗಳು ನಾನು ಕೇಳಿದ ಪ್ರಶ್ನೆಗಳೇ, ಅವಳ ಬಾಯಲ್ಲಿ ಮೊದಲ ಸಲ. "ನೋಡಿಕೊಳ್ಳುವವರು ಉಂಟು. ನಾನೂ ಇರ್ತೇನೆ. ಈಗ ಕಣ್ಣು ಮುಚ್ಚು" ಎಂದು ಸೊಂಟ ನೀವಿದೆ. ಸ್ವಲ್ಪ ಹೊತ್ತಿಗೆ ಉಸಿರು ನಿಧಾನವಾಯಿತು, ನಿದ್ದೆ ಹೋದಳು. ಅವಳ ಹೆದರಿಕೆಯನ್ನೂ ನನ್ನದರ ಜೊತೆಗೆ ಎತ್ತಿಕೊಂಡು, ಸದ್ದಾಗದಂತೆ ಬಾಗಿಲೆಳೆದು, ಹೊರಗಿನ ಕೋಣೆಗೆ ಬಂದು ಕೂತೆ.