ಬಾವಿಮನೆ ದೊಡ್ಡಮ್ಮನ ಸಿಹಿನೀರು

ಕುಮಟೆಯ ನಮ್ಮ ಮನೆಯ ಪಕ್ಕದ ಖಾಲಿ ಜಾಗದಲ್ಲಿ ಹೋದ ತಿಂಗಳು ಹೊಸ ಮನೆಗೆ ಪಾಯ ತೆಗೆದರು. ಬೆಳಿಗ್ಗೆ ಹಲ್ಲುಜ್ಜುತ್ತ ಹಿತ್ತಿಲಿಗೆ ಬಂದವಳಿಗೆ ಒದ್ದೆ ಮರಳಿನ ವಾಸನೆ ಬಡಿಯಿತು. ಸಮುದ್ರದ ದಂಡೆಯ ಮರಳಿಗೆ ಈ ವಾಸನೆ ಇರುವುದಿಲ್ಲ. ನೆಲದಡಿಯಿಂದ ಆಗತಾನೇ ಮೇಲೆ ಬಂದ ಮರಳಿಗೆ ಮಾತ್ರ ಇರುತ್ತದೆ, ತಣ್ಣಗೆ, ಕೊಳೆತ ಎಲೆ ಸ್ವಲ್ಪ ಬೆರೆತ ಹಾಗೆ. ಬೇಲಿಯಾಚೆ ಇಬ್ಬರು ಆಳುಗಳು ಕಕ್ಕಸಿನ ಗುಂಡಿ ತೋಡುತ್ತಿದ್ದರು. ನಾನು ಬಾಯಲ್ಲಿ ಬ್ರಶ್ ಇಟ್ಟುಕೊಂಡೇ ಕೂಗಿದೆ.

"ಏಯ್, ಯಾರ ಹತ್ರ ಕೇಳಿ ತೋಡ್ತಿದ್ರಿ ಅಲ್ಲಿ? ನಮ್ಮ ಬಾವಿ ಕಣ್ಣಿಗೆ ಕಾಣ್ತಿಲ್ವಾ?"

ಅಲ್ಲೇ ನಿಂತಿದ್ದ ಮೇಸ್ತ್ರಿ ನಕ್ಕ. "ಅಕ್ಕ, ಬಾವಿ ನೀರು ಈಗ ಯಾರು ಕುಡೀತಾರೆ? ನಳ ಇದ್ಯಲ್ಲ."

ಆಮೇಲೆ ನಡೆದ ಜಗಳ ಇಡೀ ಕೇರಿಗೆ ಕೇಳಿತು. ನನ್ನ ಬಾಯಿ ಹೇಗೂ ದೊಡ್ಡದು. ಗುಂಡಿ ಕೊನೆಗೆ ರಸ್ತೆ ಬದಿಗೆ ಹೋಯಿತು, ಹೊಸ ಮನೆಯವರು ನನ್ನ ಹತ್ತಿರ ಮಾತು ಬಿಟ್ಟರು. ಬಿಡಲಿ, ನನ್ನ ಗಂಟೇನು ಹೋಗಬೇಕು? ಆದರೆ ಆ ವಾಸನೆ ಮಾತ್ರ ಮೂಗು ಬಿಟ್ಟು ಹೋಗಲಿಲ್ಲ. ಅದರ ಹಿಂದೆಯೇ ಬಾವಿಮನೆ ದೊಡ್ಡಮ್ಮ ನೆನಪಿಗೆ ಬಂದಳು...

ನಾನು ಮದುವೆಯಾಗಿ ಹೋದದ್ದು ಹೊನ್ನಾವರದ ಹತ್ತಿರ, ಶರಾವತಿ ಸಮುದ್ರ ಸೇರುವಲ್ಲಿರುವ ಒಂದು ಕುರ್ವೆಗೆ. ಮಾವಿನಕುರ್ವೆ ಅಂದರೆ ಹೆಚ್ಚಿನವರಿಗೆ ಗೊತ್ತು. ನಮ್ಮದು ಅದರ ಮುಂದೆ ಅಂಗೈಯಷ್ಟು ದ್ವೀಪ. ಗಂಡ ಅಲ್ಲಿಯ ಶಾಲೆಗೆ ಮಾಸ್ತರು. ನಾಲ್ಕೂ ಕಡೆ ನೀರು, ಕುಡಿಯಲು ಮಾತ್ರ ಇಲ್ಲ. ಶಿವರಾತ್ರಿ ಕಳೆಯಿತೆಂದರೆ ಒಂದೊಂದೇ ಬಾವಿ ಉಪ್ಪಾಗುತ್ತ ಬರುತ್ತಿತ್ತು. ಯುಗಾದಿಯ ಹೊತ್ತಿಗೆ ಗಂಜಿಗೆ ಉಪ್ಪು ಹಾಕುವ ಕೆಲಸವೇ ಇಲ್ಲ ಎಂದು ನಮ್ಮನೆಯವರು ತಮಾಷೆ ಮಾಡುತ್ತಿದ್ದರು. ಅಂಥ ಕುರ್ವೆಯಲ್ಲಿ ಒಂದೇ ಒಂದು ಬಾವಿ ಮಳೆ ಬೀಳುವವರೆಗೂ ಸಿಹಿಯಾಗಿರುತ್ತಿತ್ತು. ಅದು ನಮ್ಮ ಬೇಲಿಯಾಚೆಯ ಮನೆಯದು. ಹಾಗಾಗಿ ಆ ಮನೆಗೆ ಬಾವಿಮನೆ ಎಂದೂ, ಅದರ ಯಜಮಾನತಿಗೆ ಬಾವಿಮನೆ ದೊಡ್ಡಮ್ಮ ಎಂದೂ ಹೆಸರು.

ಗಂಡ ತೀರಿಹೋಗಿ ವರ್ಷಗಳಾಗಿದ್ದವು. ಇಳಿತದ ಹೊತ್ತಿಗೆ ಹೊಳೆಗಿಳಿದು ಬಳಚಿನ ಚಿಪ್ಪು ಹೆಕ್ಕಿ, ಹೊನ್ನಾವರದ ಪೇಟೆಯಲ್ಲಿ ಮಾರಿ ಮಗ ಮಗಳನ್ನು ಸಾಕಿದವಳು. ಬಡವಿಯೇ. ಆದರೆ ಬೇಸಿಗೆಯ ಮೂರು ತಿಂಗಳು ಆ ಕುರ್ವೆಗೆ ಅವಳೇ ರಾಣಿ. ಬೆಳಕು ಹರಿಯುವ ಮೊದಲೇ ಬಾವಿಕಟ್ಟೆಯಲ್ಲಿ ಕೊಡಗಳ ಸದ್ದು. ಜಾತಿ ಕೇಳಿ ಹಗ್ಗ ಕೊಟ್ಟವಳಲ್ಲ. ಮರಳು ದೋಣಿಯವರೂ ಬರುತ್ತಿದ್ದರು, ಭಟ್ಕಳದಿಂದ ಬಟ್ಟೆ ಗಂಟು ಹೊತ್ತು ಮಾರುತ್ತಿದ್ದ ಸಾಬರೂ ಕುಡಿದು ಹೋಗುತ್ತಿದ್ದರು. ಎಲ್ಲರಿಗೂ ಒಂದೊಂದು ಚಾಟಿ ಮಾತು ಉಚಿತ. ನನಗೆ ಹೇಳುತ್ತಿದ್ದಳು, "ಮಾಸ್ತರ ಹೆಂಡ್ತಿ, ಇಷ್ಟು ಸಣ್ಣ ಕೊಡ ತಂದ್ಯಲೆ, ಗಂಡನ್ನ ಬಾಯಾರ್ಸಿ ಸಾಯ್ಸ್ತ್ಯಾ?"

ಬಾವಿಯೊಳಗೆ ಒಂದು ಆಮೆ ಇತ್ತು, ಅವಳ ಮಾವನ ಕಾಲದ್ದಂತೆ. ಕೊಡ ಇಳಿಸಿದಾಗ ಬದಿಗೆ ಸರಿದು ತಲೆ ಎತ್ತಿ ನೋಡುತ್ತಿತ್ತು. ಆಮೆ ಬದುಕಿದೆ ಅಂದರೆ ನೀರು ಚಲೋ ಇದೆ ಅಂತ ಅರ್ಥ. ಇದನ್ನು ಕುರ್ವೆಯಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಮಗಳನ್ನು ಭಟ್ಕಳದ ಕಡೆಗೆ ಕೊಟ್ಟಿದ್ದಳು. ಚೊಚ್ಚಲ ಬಸುರಿ, ಸೀಮಂತ ಮುಗಿಸಿಕೊಂಡು ಬಾಣಂತನಕ್ಕೆ ತವರಿಗೆ ಬರುವವಳಿದ್ದಳು. ಗಂಡನ ಮನೆಯಲ್ಲಿ ಕಕ್ಕಸು ಇತ್ತು. ತುಂಬಿದ ಹೊಟ್ಟೆ ಹೊತ್ತ ಹುಡುಗಿ ಇಲ್ಲಿ ಎಲ್ಲರ ಹಾಗೆ ಹೊಳೆದಂಡೆಯ ಪೊದೆ ಹುಡುಕಿಕೊಂಡು ಹೋಗಬೇಕೇ? ದೊಡ್ಡಮ್ಮನ ಕರುಳು ಒಪ್ಪಲಿಲ್ಲ. ಆ ಹೊತ್ತಿಗೆ ಆರೋಗ್ಯ ಇಲಾಖೆಯವರೊಬ್ಬರು ತಾರಿ ದೋಣಿಯಲ್ಲಿ ಹೊಳೆ ದಾಟಿ ಬಂದು ಮನೆಮನೆಗೆ ಕಕ್ಕಸು ಕಟ್ಟಿಸಿ ಎಂದು ಹೇಳಿ ಹೋಗುತ್ತಿದ್ದರು. ಹಿರೇಗುತ್ತಿ ಕಡೆಯ ಸಾಧು ಮನುಷ್ಯ. ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿಯ ಚೀಲ ಯಾವಾಗಲೂ ಕಂಕುಳಲ್ಲಿ ಇರುತ್ತಿದ್ದರಿಂದ ಅವರಿಗೆ ಪುಡಿ ಸಾಹೇಬರು ಎಂದು ಹೆಸರು. ಪುಡಿ ಹಾಕಿದರೆ ಆಮೆ ಸಾಯುತ್ತದೆ, ರುಚಿ ಕೆಡುತ್ತದೆ ಎಂದು ದೊಡ್ಡಮ್ಮ ಅವರನ್ನು ಬಾವಿಯ ಹತ್ತಿರ ಬಿಟ್ಟುಕೊಂಡವಳಲ್ಲ. ಕಕ್ಕಸಿನ ಮಾತನ್ನು ಮಾತ್ರ ಕೇಳಿದಳು.

ಎಲ್ಲಿ ಕಟ್ಟುವುದು ಎಂಬ ಪ್ರಶ್ನೆ ಬಂತು. ಮನೆಯ ಮುಂದೆ ತುಳಸಿ, ಒಂದು ಬದಿಗೆ ನಾಗರ ಕಲ್ಲು. ಇನ್ನುಳಿದದ್ದು ಬಾವಿಯ ಬದಿ. ಅದೇ ಅನುಕೂಲವೂ ಹೌದು. ಬಸುರಿ ಮಗಳು ಕೊಡ ಹೊತ್ತು ನಡೆಯಬೇಕಾಗಿಲ್ಲ, ಇಲ್ಲಿ ಸೇದಿ ಅಲ್ಲಿ ಹೊಯ್ದುಕೊಳ್ಳಬಹುದು. ಮರಳು ನೆಲ, ಗುಂಡಿ ಒಂದೇ ದಿನಕ್ಕೆ ಆಯಿತು. ಆಗ ನಾನೂ ಹೋಗಿ ಬಗ್ಗಿ ನೋಡಿದ್ದೆ, ಅದೇ ವಾಸನೆ... ಕುರ್ವೆಯ ಮೊದಲ ಕಕ್ಕಸು ಅದು. ಜನ ನೋಡಲು ಬಂದರು. "ದೊಡ್ಡಮ್ಮ, ಪೂಜೆ ಎಂದಿಗೆ?" ಎಂದು ಒಬ್ಬ ಕಿಚಾಯಿಸಿದ. "ನೀನೇ ಬಾ ಮಾರಾಯಾ, ಮೊದ್ಲ ಮಂಗಳಾರತಿ ನಿಂಗೇಯ" ಎಂದಳು. ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ಮಗಳು ಬಂದಳು. ಅವಳ ಹಿಂದೆಯೇ ಮುರ್ಡೇಶ್ವರದ ಹೋಟೆಲಿನಲ್ಲಿ ಕೆಲಸಕ್ಕಿದ್ದ ಮಗ ಜ್ವರ ಎಂದು ಬಂದು ಮಲಗಿದ. ಕಣ್ಣು ಹಳದಿಯಾಗಿತ್ತು. ಕಾಮಾಲೆ ತಾನೆ, ಬೇರು ಅರೆದು ಮಜ್ಜಿಗೆಯಲ್ಲಿ ಕುಡಿಸಿದರು, ಉಪ್ಪು ಎಣ್ಣೆ ಬಿಡಿಸಿದರು. ಮಲಗಿದಷ್ಟು ದಿನ ಅವನೂ ಹೋದದ್ದು ಆ ಹೊಸ ಕಕ್ಕಸಿಗೇ. ಗುಣವಾಗಿ ಹೋಟೆಲಿಗೆ ಮರಳಿದ. ಆಮೇಲೆ ಮಳೆಗಾಲಕ್ಕೆ ಮುಂಚಿನ ಗುಡುಗಿನ ಮಳೆ ನಾಲ್ಕಾರು ಸಲ ಜೋರಾಗಿ ಹೊಡೆಯಿತು.

ಅದಾದ ಮೇಲೆ ಕುರ್ವೆಯಲ್ಲಿ ಒಂದೊಂದೇ ಮನೆಯಲ್ಲಿ ವಾಂತಿ, ಸುಸ್ತು, ಹಳದಿ ಉಚ್ಚೆ. ಬಿಸಿಲಿನ ಉಷ್ಣಕ್ಕೆ ಆದದ್ದು ಎಂದರು. ದೃಷ್ಟಿ ಎಂದರು. ನಮ್ಮ ಮನೆಯವರೂ ಮಲಗಿದರು. ಪುಡಿ ಸಾಹೇಬರು ಬಂದು ಒಂದೊಂದೇ ಮನೆಯ ಮೆಟ್ಟಿಲು ಹತ್ತಿದರು. ಎಲ್ಲರ ಹತ್ತಿರ ಅವರದ್ದು ಒಂದೇ ಪ್ರಶ್ನೆ: "ನೀವು ಕುಡಿಯೂದು ಯಾರ ಬಾವಿ ನೀರು?" ಮಲಗಿದವರೆಲ್ಲ ಬಾವಿಮನೆಯ ನೀರಿನವರು. ಕುರ್ವೆಯ ಆಚೆ ತುದಿಯವರು ದೋಣಿಯಲ್ಲಿ ಹೊನ್ನಾವರದಿಂದ ನೀರು ತರಿಸುತ್ತಿದ್ದರು. ಅಲ್ಲಿ ಒಬ್ಬರಿಗೂ ಏನೂ ಆಗಿರಲಿಲ್ಲ.

ಅವರು ಬಾವಿಕಟ್ಟೆಗೆ ಬಂದಾಗ ನಾನು ಅಲ್ಲೇ ಇದ್ದೆ. ಬಾವಿ ನೋಡಿದರು, ಕಕ್ಕಸು ನೋಡಿದರು, ಹಣೆ ಒತ್ತಿಕೊಂಡರು.

"ಅಮ್ಮ, ಮರಳು ಅಂದ್ರೆ ಜರಡಿ ಇದ್ದಾಂಗೆ. ಗುಂಡಿಲಿದ್ದದ್ದು ಮಳೆ ನೀರಿನ ಸಂಗ್ಡ ಬಾವಿಗೆ ಇಳದದೆ. ಈ ನೀರು ಯಾರಿಗೂ ಕೊಡ್ಬೇಡಿ."

ದೊಡ್ಡಮ್ಮ ಸಿಡಿದಳು. "ಎಂತ ಹೇಳ್ತ್ರಿ ನೀವು? ಕನ್ನಡಿ ಇದ್ದಾಂಗೆ ಅದೆ ನೀರು. ಆಮೆ ಬದ್ಕದೆ, ಬಗ್ಗಿ ನೋಡಿ. ಹಾಳಾಗಿದ್ರೆ ಅದು ಮೊದ್ಲು ಸಾಯ್ಬೇಕಿತ್ತಲ?"

"ಇದು ಆಮೆಗೆ ಬರೂ ರೋಗ ಅಲ್ಲ, ಅಮ್ಮ."

"ನೀರಿಗೆ ಬಂದವ್ರಿಗೆ ಇಲ್ಲ ಅನ್ಲಾ ನಾನು? ಅದಕ್ಕಿಂತ ನನ್ನೇ ನೂಕಿ ಬಿಡಿ ಬಾವಿಗೆ."

ಸಾಹೇಬರು ದನಿ ಎತ್ತಲಿಲ್ಲ. ಜಗುಲಿಯಲ್ಲಿ ಕಾಲು ಚಾಚಿ ಕುಳಿತಿದ್ದ ಮಗಳ ಕಡೆ ನೋಡಿದರು. "ಬಸ್ರಿಯರಿಗೆ ಈ ಕಾಮಾಲೆ ಬಂದ್ರೆ ಕಷ್ಟ. ಕೈಗೆ ಸಿಕ್ಕೂದಿಲ್ಲ" ಎಂದರು.

ದೊಡ್ಡಮ್ಮ ರಾಟೆಯಿಂದ ಹಗ್ಗ ಬಿಚ್ಚಿ ಸುತ್ತಿ ಒಳಗೆ ತೆಗೆದುಕೊಂಡು ಹೋದಳು. ಮರುದಿನ ಕೊಡ ಹಿಡಿದು ಬಂದವರನ್ನು ಬೇಲಿಯಲ್ಲೇ ನಿಲ್ಲಿಸಿ ಇಲ್ಲ ಎಂದಳು. ಜನ ಸುಮ್ಮನಿರುತ್ತಾರೆಯೇ? ಮಗಳ ಬಾಣಂತನಕ್ಕೆ ನೀರು ಕೂಡಿಟ್ಟುಕೊಂಡಳು ಎಂದರು. ಕಕ್ಕಸು ಬಂತು, ಕೊಬ್ಬೂ ಬಂತು ಎಂದರು. ಮನೆಯಲ್ಲಿ ಹಳದಿಯಾಗಿ ಮಲಗಿದ ಮಕ್ಕಳನ್ನು ಇಟ್ಟುಕೊಂಡವರೇ ಆ ನೀರಿಗಾಗಿ ಅವಳಿಗೆ ಶಾಪ ಹಾಕಿ ಹೋದರು. ನನಗೆ ಈಗಲೂ ಅವರ ಮೇಲೆ ಸಿಟ್ಟು ಬರುತ್ತದೆ. ಪಾಪವೂ ಅನಿಸುತ್ತದೆ, ಉಪ್ಪು ನೀರು ಕುಡಿದು ಎಷ್ಟು ದಿನ ಇರಲಾದೀತು?

ಮಗಳಿಗೆ ವಾಂತಿ ಶುರುವಾಯಿತು. ಬಸುರಿಗೆ ವಾಂತಿ ಹೊಸದೇ? ಮಳೆಗೆ ಕರೆಂಟು ಹೋಗಿತ್ತು, ಎರಡು ದಿನ ಮೋಡ ಬಿಡಲಿಲ್ಲ, ಮನೆಯೊಳಗೆ ಹಗಲೂ ಚಿಮಣಿ ದೀಪ. ಚಿಮಣಿಯ ಬೆಳಕಿನಲ್ಲಿ ಎಲ್ಲರ ಕಣ್ಣೂ ಹಳದಿಯೇ. ಮೂರನೆಯ ಬೆಳಿಗ್ಗೆ ಬಿಸಿಲು ಬಿತ್ತು. ಮಗಳನ್ನು ಅಂಗಳಕ್ಕೆ ತಂದು ಕೂರಿಸಿದ ದೊಡ್ಡಮ್ಮ ಕೂಗಿದ ಕೂಗಿಗೆ ನಾನು ಒಲೆಯ ಮೇಲಿನದನ್ನು ಹಾಗೇ ಬಿಟ್ಟು ಓಡಿದೆ. ಅರಿಶಿನ ಮೆತ್ತಿದ ಹಾಗಿತ್ತು ಆ ಹುಡುಗಿಯ ಕಣ್ಣು.

ತಾರಿಯಲ್ಲಿ ಮಲಗಿಸಿ ಹೊಳೆ ದಾಟಿಸಿದೆವು. ಹೊನ್ನಾವರದಲ್ಲಿ ಡಾಕ್ಟರು ನೋಡಿದವರೇ ದಕ್ಷಿಣಕ್ಕೆ, ದೊಡ್ಡ ಆಸ್ಪತ್ರೆಗೆ ಕೊಂಡೊಯ್ಯಿರಿ ಎಂದರು. ವ್ಯಾನಿನಲ್ಲಿ ನಾನೂ ಇದ್ದೆ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಹುಡುಗಿ ಅರ್ಧ ನಿದ್ದೆಯಲ್ಲಿದ್ದ ಹಾಗೆ ಏನೋ ಬಡಬಡಿಸುತ್ತಿದ್ದಳು. ಮುರ್ಡೇಶ್ವರದ ತಿರುವಿನ ಹತ್ತಿರ ಸ್ಪಷ್ಟವಾಗಿ, "ಅಮ್ಮ, ನೀರು" ಎಂದಳು. ಕುದಿಸಿ ತಣಿಸಿದ ನೀರಿನ ಬಾಟಲಿ ದೊಡ್ಡಮ್ಮನ ಮಡಿಲಲ್ಲೇ ಇತ್ತು. ಮುಚ್ಚಳ ತೆಗೆದಳು. ನನ್ನ ಮುಖ ನೋಡಿದಳು.

"ಕೊಡ್ಲನೇ?"

ಇಡೀ ಕುರ್ವೆಗೆ ನೀರು ಕೊಟ್ಟವಳು ತನ್ನ ಮಗಳಿಗೆ ಕೊಡಲು ನನ್ನನ್ನು ಕೇಳಿದಳು! ಕೊಡು ಎಂದೆ. ಎರಡು ಗುಟುಕು ಒಳಗೆ ಹೋಯಿತು. ಭಟ್ಕಳ ದಾಟುವಷ್ಟರಲ್ಲಿ ಹುಡುಗಿಗೆ ಮಾತು ನಿಂತಿತು. ಅವಳ ಗಂಡನ ಮನೆಯ ದಾರಿಯನ್ನು ಹಾದೇ ಹೋದೆವು... ತಾಯಿಯೂ ಉಳಿಯಲಿಲ್ಲ, ಮಗುವೂ ಉಳಿಯಲಿಲ್ಲ.

ಉತ್ತರಕ್ರಿಯೆ ಎಲ್ಲ ಮುಗಿದ ಮೇಲೆ ಪುಡಿ ಸಾಹೇಬರು ಬಂದು ಜಗುಲಿಯ ತುದಿಯಲ್ಲಿ ಕುಳಿತರು. ಆ ಮನುಷ್ಯನೂ ಅರ್ಧ ಆಗಿಹೋಗಿದ್ದರು. ಸಮಾಧಾನಕ್ಕೆ ಹೇಳಿದರು, ಈ ರೋಗ ಹೊಟ್ಟೆಗೆ ಹೋಗಿ ಎಷ್ಟೋ ವಾರದ ಮೇಲೆ ಕಾಣಿಸುತ್ತದೆ, ಬಾವಿ ಮುಚ್ಚುವ ಮೊದಲೇ ಅದು ಮಗಳ ಹೊಟ್ಟೆ ಸೇರಿ ಆಗಿತ್ತು, ಅವತ್ತು ನೀವು ವಾದ ಮಾಡಿದ್ದರಿಂದ ಏನೂ ಆದದ್ದಲ್ಲ ಎಂದು. ದೊಡ್ಡಮ್ಮ ಎಲ್ಲ ಕೇಳಿಸಿಕೊಂಡಳು.

"ಹಂಗಾರೆ ನಾನೇ ಕೊಟ್ಟದ್ದಾತು" ಎಂದಳು.

ಕುರ್ವೆ ಈ ಸಾವಿನಿಂದ ಕಲಿತದ್ದೇನು ಗೊತ್ತೇ? ಕಕ್ಕಸು ಮಗಳನ್ನು ತಿಂದಿತು ಎಂದು! ಆಮೇಲೆ ಎಷ್ಟೋ ವರ್ಷ ಅಲ್ಲಿ ಯಾರೂ ಕಕ್ಕಸು ಕಟ್ಟಿಸಲಿಲ್ಲ. ಹೆಂಗಸರು ಮತ್ತೆ ಹೊಳೆದಂಡೆಗೇ ಹೋದರು. ಕಟ್ಟಿ ಕಟ್ಟಿ ಎಂದು ಗಂಟಲು ಹರಿದುಕೊಂಡವರು ಎಲ್ಲಿ ಕಟ್ಟಬಾರದು ಎಂದು ಒಂದು ಮಾತು ಮೊದಲೇ ಹೇಳಿದ್ದರೆ... ಒಂದು ಮನೆಯ ಗುಂಡಿ ಇನ್ನೊಂದು ಮನೆಯ ಕೊಡಕ್ಕೆ ಬರುತ್ತದೆ, ಆರೋಗ್ಯ ಅನ್ನುವುದು ನನ್ನ ಮನೆ ನಿನ್ನ ಮನೆ ಎಂದು ಬೇಲಿ ಹಾಕಿಕೊಂಡು ಇರುವುದಿಲ್ಲ. ಇಷ್ಟು ಸಣ್ಣ ವಿಷಯ ತಿಳಿಯಲು ಎರಡು ಜೀವ ಹೋಗಬೇಕಾಯಿತು, ಆಮೇಲೂ ತಿಳಿಯಲಿಲ್ಲ.

ತಿಳಿದದ್ದು ದೊಡ್ಡಮ್ಮನೊಬ್ಬಳಿಗೆ. ಆ ಗುಂಡಿಯಲ್ಲಿದ್ದದ್ದನ್ನು ತೆಗೆಸಿ ಮುಚ್ಚಿಸಿದಳು. ಮನೆಯ ಮುಂದಿದ್ದ ತುಳಸಿಯನ್ನು ಕಿತ್ತು ಬೇರೆ ಕಡೆ ನೆಟ್ಟು, ಅಲ್ಲಿ, ಬಾವಿಯಿಂದ ದೂರಕ್ಕೆ, ಹೊಸ ಗುಂಡಿ ತೋಡಿಸಿದಳು. ಊರು ಮೂಗು ಮುರಿಯಿತು. ಪುಡಿ ಸಾಹೇಬರನ್ನು ಕರೆಸಿ ಬಾವಿ ಬರಿದು ಮಾಡಿಸಿ ಪುಡಿ ಹಾಕಿಸಿದಳು. ಪರೀಕ್ಷೆಗೆ ನೀರು ಕಳಿಸಿದರು, ಚಲೋ ಇದೆ ಎಂದು ಬಂತು. ಮುಂದಿನ ಬೇಸಿಗೆಗೆ ಹಗ್ಗ ಮತ್ತೆ ರಾಟೆ ಏರಿತು. ಒಂದು ಕೊಡ ಬರಲಿಲ್ಲ. ಮುಚ್ಚಿದಾಗ ಬೈದವರೇ ತೆರೆದಾಗ ಆಚೆ ದಾರಿಯಿಂದ ಸುತ್ತಿ ಹೋದರು. ಅವಳು ದಿನಾ ಸೇದಿ, ಕುದಿಸಿ, ತಣಿಸಿ, ಜಗುಲಿಯ ಮೇಲೆ ಮುಚ್ಚಿ ಇಡುತ್ತಿದ್ದಳು. ಸಂಜೆಗೆ ತೆಂಗಿನ ಬುಡಕ್ಕೆ ಹೊಯ್ಯುತ್ತಿದ್ದಳು. ನನಗೆ ನೋಡಲಾಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ತಾರಿ ಇಳಿದು ಬಿಸಿಲಲ್ಲಿ ಬರುತ್ತಿದ್ದವಳು ನೇರ ಅವಳ ಜಗುಲಿ ಹತ್ತಿದೆ. "ದೊಡ್ಡಮ್ಮ, ನೀರು ಕೊಡೇ" ಎಂದೆ. ಅವಳು ಕೂಡಲೇ ಏಳಲಿಲ್ಲ. "ನಿಜಕ್ಕೂ ಕುಡಿತ್ಯಾ?" ಎಂದಳು. ಲೋಟ ತುಂಬಿ ತಂದಳು. ನಾನು ಗಟಗಟ ಕುಡಿದೆ. ಕುಡಿದು ಮುಗಿಯುವವರೆಗೂ ಅವಳು ನನ್ನ ಗಂಟಲನ್ನೇ ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ಬೇಲಿಯ ಹತ್ತಿರ ಬಂದು ಕರೆದಳು. "ಬಿಸ್ಲಿಗೆ ಬಾರೇ ಇಲ್ಲಿ." ಹೋದೆ. ನನ್ನ ಗಲ್ಲ ಹಿಡಿದೆತ್ತಿ, ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. ಆ ಕಣ್ಣು, ಈ ಕಣ್ಣು. ನೋಡಿ ಹೋದಳು. ಅದರ ಮರುದಿನವೂ ಬಂದಳು. ಮಳೆ ಹಿಡಿಯುವವರೆಗೆ ದಿನವೂ ಬಂದಳು. ಮೋಡವಿದ್ದ ದಿನ ಬಿಸಿಲು ಬೀಳುವವರೆಗೆ ನಮ್ಮ ಮೆಟ್ಟಿಲ ಮೇಲೆಯೇ ಕಾದು ಕುಳಿತಳು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಒಂದು ಬೆಳಿಗ್ಗೆ ರೆಪ್ಪೆ ಬಿಟ್ಟು, "ಆತು. ನೀ ಉಳ್ದೆ ಮಾರಾಯ್ತಿ" ಎಂದು ಅಲ್ಲೇ ಕುಸಿದು ಕುಳಿತು ಅತ್ತಳು. ಮಗಳು ಸತ್ತ ದಿನವೂ ಅವಳು ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ.

ಅದೇ ಮಳೆಗಾಲದಲ್ಲಿ ನಮ್ಮವರಿಗೆ ವರ್ಗವಾಗಿ ನಾವು ಕುಮಟೆಗೆ ಬಂದೆವು. ಕೆಲವು ವರ್ಷ ಕಳೆದು ಅವಳು ಹೋದ ಸುದ್ದಿ ಬಂತು. ಮಳೆಗೆ ಹೊಳೆ ಏರಿತ್ತು, ನನಗೆ ಹೋಗಲಾಗಲಿಲ್ಲ. ಈಗ ಕುರ್ವೆಗೆ ನಳ ಬಂದಿದೆಯಂತೆ, ಬಾವಿಗೆ ಸಿಮೆಂಟಿನ ಮುಚ್ಚಳ ಹಾಕಿದ್ದಾರಂತೆ. ಇದನ್ನೆಲ್ಲ ಹೇಳಿದವನು ಅವಳ ಮಗ. ಪಕ್ಕದ ಮನೆಯವರ ಜೊತೆ ಜಗಳವಾದ ದಿನ ಮನಸ್ಸು ತಡೆಯದೆ ಅವನಿಗೆ ಫೋನು ಮಾಡಿದ್ದೆ. ಅವನಿಗೂ ತಲೆ ನೆರೆತಿರಬೇಕು, ದನಿ ತಾಯಿಯದೇ. ನಾನು ಕುಡಿದ ಮೇಲೆ ಜನ ಮತ್ತೆ ಬರತೊಡಗಿದರೇ ಎಂದು ಕೇಳಿದೆ. ಮುಂದಿನ ಬೇಸಿಗೆಗೆ ಬಂದಿದ್ದರು ಎಂದ. ಮಾಸ್ತರ ಹೆಂಡತಿ ಕುಡಿದು ಗಟ್ಟಿಯಾಗಿದ್ದಾಳೆ ಎಂದು ಒಬ್ಬೊಬ್ಬರೇ ಕೊಡ ತಂದಿದ್ದರಂತೆ.

"ಅಮ್ಮ ಯಾರಿಗೂ ಕೊಡ್ಲಿಲ್ಲ, ಅಕ್ಕ. ಒಬ್ಳ ಕಣ್ಣು ಕಾದು ಕಾದು ಸಾಕಾತು, ಊರಿಡೀ ಜನರ ಕಣ್ಣು ನಾ ಹೆಂಗೆ ಕಾಯ್ಲಿ ಅಂತಿದ್ಲು. ನಿಮ್ಗೆ ಕೊಟ್ಟದ್ದೇ ಕೊನೆ."