ಮುದ್ದಯ್ಯನ ಮೋಡದ ಡಿಸೈನು

ನಾಗಸಂದ್ರದ ನಮ್ಮ ಬೀದಿಯಲ್ಲಿ ಯಾರ ಬಿಳಿ ಬಟ್ಟೆಯೂ ಬಿಳಿಯಾಗಿಯೇ ಉಳಿಯುವ ಭರವಸೆಯಿಲ್ಲ, ಏಕೆಂದರೆ ಭಾನುವಾರ ಬಂತೆಂದರೆ ಮುದ್ದಯ್ಯ ಮೊಮ್ಮಗಳು ಪ್ರಣತಿಯನ್ನು ಕರೆದುಕೊಂಡು ತಾರಸಿ ಹತ್ತುತ್ತಾನೆ. ಮೂವತ್ತು ವರ್ಷ ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ದುಡಿದ ಆಸಾಮಿ, ಬಣ್ಣದ ಕೆಲಸವನ್ನು ಯಾರಿಂದಲೂ ಕಲಿತವನಲ್ಲ. ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿ ಕೆಂಪೇರಿಸುತ್ತಾನೆ. ಮೆಂತ್ಯ ನೆನೆಸಿದ ಲೋಳೆಯನ್ನು ತಟ್ಟೆಗೆ ಸುರಿದು, ಮೇಲೆ ಬಣ್ಣದ ಹನಿ ತೇಲಿಸಿ, ಹಳೆಯ ಬಾಚಣಿಗೆಯಿಂದ ಗೀರಿ, ಕರವಸ್ತ್ರವನ್ನು ಮೆಲ್ಲಗೆ ಹಾಸಿ ಎತ್ತುತ್ತಾನೆ. ಲೋಳೆಯ ಆಳವನ್ನು ಅವನು ಲೇತಿನ ಕಾಲದ ವರ್ನಿಯರ್ ಅಳತೆಗೋಲಿನಲ್ಲೇ ಅಳೆಯಬೇಕು. ಇಷ್ಟಾಗಿಯೂ ನವಿಲುಗರಿ ಮೂಡಬೇಕಾದಲ್ಲಿ ಚೆಲ್ಲಿದ ಸಾರು ಮೂಡಿದರೆ, “ಬೇಕೂಂತ್ಲೇ ಇಂಗ್ ಮಾಡಿದ್ದು ಕಣವ್ವಾ, ಇದು ಮೋಡದ್ ಡಿಸೈನು” ಎನ್ನುತ್ತಾನೆ. ಸೊಸೆ ಕೈಗವಸು ತಂದುಕೊಟ್ಟರೆ, “ಗ್ಲೌಸ್ ಆಕ್ಕೊಂಡು ಮುದ್ದೆ ಕಟ್ತೀಯೇನಮ್ಮಾ?” ಎಂದು ಅವಳ ಬಾಯಿ ಮುಚ್ಚಿಸುತ್ತಾನೆ. ಲೇತಿನ ಕಾಲದಲ್ಲಿ ಮರದ ಹೊಟ್ಟು, ಸೋಪು ಹಾಕಿ ಉಗುರುಸಂದಿಯ ಗ್ರೀಸನ್ನೂ ತಿಕ್ಕಿ ತೆಗೆಯದೆ ಅನ್ನ ಮುಟ್ಟದಿದ್ದ ಇದೇ ಮನುಷ್ಯ, ಈಗ ಮಚ್ಚೆಮಚ್ಚೆ ಬಣ್ಣದ ಕೈಯನ್ನು ಹಾಗೆಯೇ ಬೀಸಿಕೊಂಡು ಸೋಮವಾರ ಮೊಮ್ಮಗಳನ್ನು ಶಾಲೆಗೆ ಬಿಡಲು ಹೊರಡುತ್ತಾನೆ. ಪ್ರಣತಿಯ ಕೈಗಳ ಮೇಲೆ ಎರಡು ವರ್ಷದಿಂದ ಬಿಳಿ ಮಚ್ಚೆಗಳು ಹರಡಿವೆ. ಶಾಲೆಯಲ್ಲಿ ಯಾರಾದರೂ ನೋಡಿಯಾರೆಂದು ಆಕೆ ಕೈಗಳನ್ನು ಜೇಬಿನಿಂದ ಹೊರಗೆ ತೆಗೆಯುತ್ತಿರಲಿಲ್ಲ. ಮೊನ್ನೆ ಗೇಟಿನ ಬಳಿ ಜೊತೆಯ ಹುಡುಗಿಯೊಬ್ಬಳು, “ನಿಮ್ ತಾತನ್ ಕೈಗೆ ಏನಾಯ್ತೇ?” ಎಂದು ಕೇಳಿಬಿಟ್ಟಳು. ಪ್ರಣತಿ ಎರಡೂ ಕೈ ಜೇಬಿನಿಂದ ತೆಗೆದು ತಾತನ ಕೈಗಳ ಪಕ್ಕ ಹಿಡಿದಳು: “ನಂದೂ ತಾತಂದೂ ಒಂದೇ ಕಣೇ, ಮೋಡದ್ ಡಿಸೈನು.”